ತಡವರಿಸುವ ವಿಡಿಯೊ, ದುಬಾರಿ ಕಾರ್ಡು

2006ರ ನವೆಂಬರ್‌ನಲ್ಲಿ ಎನ್‌ವಿಡಿಯಾ ಕಂಪನಿ ಜಿಫೋರ್ಸ್ 8800 ಜಿಟಿಎಕ್ಸ್ ಎಂಬ ಗ್ರಾಫಿಕ್ಸ್ ಕಾರ್ಡನ್ನು 599 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. ಅದರ ಚಿಪ್ಪಿನಲ್ಲಿ 128 ಲೆಕ್ಕದ ಘಟಕಗಳು, ಸುಮಾರು 68 ಕೋಟಿ ಟ್ರಾನ್ಸಿಸ್ಟರುಗಳು. ಆಟಗಳ ಮಟ್ಟಿಗೆ ಆಗ ಅದಕ್ಕೆ ಸಾಟಿಯಿರಲಿಲ್ಲ. ಐದು ತಿಂಗಳ ನಂತರ, 2007ರ ಏಪ್ರಿಲ್‌ನಲ್ಲಿ, ಅದೇ ಕಂಪನಿಯ 8600 ಮತ್ತು 8500 ಕಾರ್ಡುಗಳು ಬಂದವು. 8600 ಜಿಟಿಎಸ್‌ನಲ್ಲಿ ಇದ್ದದ್ದು ಬರೀ 32 ಘಟಕಗಳು. ಬೆಲೆ ದೊಡ್ಡ ಕಾರ್ಡಿನ ಮೂರನೇ ಒಂದು ಭಾಗದ ಆಸುಪಾಸು. ಆದರೆ ಆ ವರ್ಷ ಹೊಸದಾಗಿದ್ದ ಬ್ಲೂ-ರೇ ಡಿಸ್ಕಿನ ಸಿನಿಮಾ ಹಾಕಿದರೆ ಲೆಕ್ಕ ತಲೆಕೆಳಗಾಗುತ್ತಿತ್ತು. ದುಬಾರಿ ಕಾರ್ಡು ಅರ್ಧ ಕೆಲಸ ಮಾಡಿ ಉಳಿದದ್ದನ್ನು ಕಂಪ್ಯೂಟರಿನ ಪ್ರೊಸೆಸರಿಗೆ ಬಿಡುತ್ತಿತ್ತು. ಸಾಧಾರಣ ಪ್ರೊಸೆಸರ್ ಏದುಸಿರು ಬಿಟ್ಟು ಚಿತ್ರ ತಡವರಿಸುತ್ತಿತ್ತು. ಅಗ್ಗದ ಕಾರ್ಡು ಇಡೀ ಕೆಲಸವನ್ನು ತಾನೇ ಹೊತ್ತು ಮುಗಿಸುತ್ತಿತ್ತು. ಮರುತಿಂಗಳು ಎಎಮ್‌ಡಿ ಕೂಡ ಅದೇ ದಾರಿ ಹಿಡಿಯಿತು. 399 ಡಾಲರಿನ ರೇಡಿಯಾನ್ ಎಚ್‌ಡಿ 2900 ಎಕ್ಸ್‌ಟಿಯಲ್ಲಿ ಇಲ್ಲದ, ಕುಗ್ಗಿಸಿದ ವಿಡಿಯೊವನ್ನು ಪೂರ್ತಿಯಾಗಿ ಬಿಚ್ಚುವ ಡಿಕೋಡರ್, ಅದರ ಬೆನ್ನಿಗೇ ಬಂದ ಕಡಿಮೆ ಬೆಲೆಯ 2600 ಮತ್ತು 2400 ಕಾರ್ಡುಗಳಲ್ಲಿ ಇತ್ತು. ಹೆಚ್ಚು ರೆಸಲ್ಯೂಷನ್ನಿನ ವಿಡಿಯೊ ಸರಾಗವಾಗಿ ಓಡಬೇಕಾದರೆ ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು ಎಂಬ ನಂಬಿಕೆ ಪರ್ಸನಲ್ ಕಂಪ್ಯೂಟರಿನ ಲೋಕದಲ್ಲಿ ಮೂರು ದಶಕಗಳಿಂದ ಬೇರೂರಿದೆ. ಈ ಮೂರು ದಶಕಗಳ ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ. ಬಹುಪಾಲು ಸಲ ಹೊಸ ಕಾರ್ಡಿನ ಅಗತ್ಯ ಹುಟ್ಟಿದ್ದು ವಿಡಿಯೊವನ್ನು ಕುಗ್ಗಿಸುವ ವಿಧಾನ ಬದಲಾದಾಗ. ಆ ಅಗತ್ಯವನ್ನು ಪೂರೈಸಿದ್ದು ಚಿಪ್ಪಿನ ಮೂಲೆಯಲ್ಲಿ ಕೂತ, ಕಾರ್ಡಿನ ಬೆಲೆಗೂ ಬಲಕ್ಕೂ ಸಂಬಂಧವಿಲ್ಲದ ಒಂದು ಪುಟ್ಟ ಘಟಕ.

ಮೊದಲಿನಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1990ರ ದಶಕದ ಆರಂಭದಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಸಿನಿಮಾ ಓಡಿಸುವುದು ಎರಡು ಕಡೆ ಸಿಕ್ಕಿಬೀಳುತ್ತಿತ್ತು. ಮೊದಲನೆಯದು ದಾರಿಯೇ ಇಕ್ಕಟ್ಟು. 352 ಬಿಂದು ಅಡ್ಡ, 288 ಬಿಂದು ಉದ್ದದ ಒಂದು ಚಿಕ್ಕ ಚಿತ್ರವನ್ನು ಪೂರ್ಣ ಬಣ್ಣದಲ್ಲಿ ಸೆಕೆಂಡಿಗೆ 25 ಸಲ ಪರದೆಗೆ ಕಳಿಸಬೇಕೆಂದರೆ ಸೆಕೆಂಡಿಗೆ ಏಳೂವರೆ ಎಂಬಿಗೂ ಹೆಚ್ಚು ಮಾಹಿತಿ ಹರಿಯಬೇಕು. ಆಗ ಕಾರ್ಡುಗಳನ್ನು ಸಿಕ್ಕಿಸುತ್ತಿದ್ದ ಐಎಸ್‌ಎ ಸ್ಲಾಟಿನ ಮಿತಿ ಕಾಗದದ ಮೇಲೇ ಸುಮಾರು ಎಂಟು ಎಂಬಿ, ಬಳಕೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಎರಡನೆಯದು ಬಿಚ್ಚುವ ಕೆಲಸ. 1993ರಲ್ಲಿ ಪ್ರಕಟವಾದ ಎಂಪೆಗ್-1 ಮಾನದಂಡ, ಸೆಕೆಂಡಿಗೆ 30 ಮೆಗಾಬಿಟ್‌ನಷ್ಟು ಆಗಬಹುದಾದ ಚಿತ್ರವನ್ನು 1.15 ಮೆಗಾಬಿಟ್‌ಗೆ ಇಳಿಸಿ ಸಾಮಾನ್ಯ ಸಿಡಿಯೊಳಗೆ ತುರುಕುವಂತೆ ಮಾಡಿತು. ಭಾರತವೂ ಸೇರಿ ಏಷ್ಯಾದ ದೇಶಗಳಲ್ಲಿ ಮನೆಮಾತಾದ ವಿಸಿಡಿ ಹುಟ್ಟಿದ್ದು ಹೀಗೆ. ಆದರೆ ಹಾಗೆ ಕುಗ್ಗಿಸಿದ್ದನ್ನು ಮತ್ತೆ ಬಿಚ್ಚಲು ಆ ಕಾಲದ 486 ಪ್ರೊಸೆಸರಿಗೆ ಶಕ್ತಿ ಸಾಲುತ್ತಿರಲಿಲ್ಲ. ಹಾಗಾಗಿ ಸಿಗ್ಮಾ ಡಿಸೈನ್ಸ್ ಕಂಪನಿಯ ರಿಯಲ್‌ಮ್ಯಾಜಿಕ್‌ನಂಥ ಎಂಪೆಗ್ ಕಾರ್ಡುಗಳು ಬಂದವು. ಇವು ಗ್ರಾಫಿಕ್ಸ್ ಕಾರ್ಡುಗಳಲ್ಲ. ಪರದೆಯ ಕಾರ್ಡು ತನ್ನ ಪಾಡಿಗೆ ಇರುತ್ತಿತ್ತು. ಪಕ್ಕದ ಸ್ಲಾಟಿನಲ್ಲಿ ಸಿನಿಮಾ ಬಿಚ್ಚುವುದಷ್ಟೇ ಗೊತ್ತಿದ್ದ ಇನ್ನೊಂದು ಕಾರ್ಡು ಕೂರುತ್ತಿತ್ತು. ಈ ಎರಡು ಕಸುಬು ಮೂಲದಲ್ಲಿ ಬೇರೆ ಬೇರೆಯಾಗಿದ್ದವು ಎಂಬುದನ್ನು ನೆನಪಿಡಬೇಕು. ಮುಂದೆ ಅವು ಒಂದೇ ಚಿಪ್ಪಿನೊಳಗೆ ಸೇರಿದರೂ ಒಂದಾಗಲೇ ಇಲ್ಲ.

ಡಿವಿಡಿ ಬಂದಾಗಲೂ ಇದೇ ಮರುಕಳಿಸಿತು. 1996ರ ನವೆಂಬರ್‌ನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಿವಿಡಿಯ ಚಿತ್ರ ವಿಸಿಡಿಯ ನಾಲ್ಕರಷ್ಟು ದೊಡ್ಡದು, ಬಳಸಿದ್ದು ಎಂಪೆಗ್-2 ವಿಧಾನ. ಕಂಪ್ಯೂಟರಿಗೆ ಡಿವಿಡಿ ಡ್ರೈವ್ ಕೊಂಡವರು ಹಾಲಿವುಡ್ ಪ್ಲಸ್ ಅಥವಾ ಕ್ರಿಯೇಟಿವ್ ಕಂಪನಿಯ ಡಿಎಕ್ಸ್‌ಆರ್2ರಂಥ ಡಿಕೋಡರ್ ಕಾರ್ಡನ್ನೂ ಕೊಳ್ಳುತ್ತಿದ್ದರು. ಗ್ರಾಫಿಕ್ಸ್ ಕಾರ್ಡಿನ ವಿಜಿಎ ಕಿಂಡಿಯಿಂದ ಒಂದು ತುಂಡು ಕೇಬಲ್ ಹೊರಟು ಡಿಕೋಡರ್ ಕಾರ್ಡಿನ ಬೆನ್ನಿಗೆ ಸೇರುತ್ತಿತ್ತು, ಮಾನಿಟರ್ ಅಲ್ಲಿಂದ ಸಂಪರ್ಕ ಪಡೆಯುತ್ತಿತ್ತು. ವಿಂಡೋಸ್ ಪರದೆಯ ಚೌಕದೊಳಗೆ ಡಿಕೋಡರ್ ಕಾರ್ಡು ಸಿನಿಮಾವನ್ನು ಬೆರೆಸುತ್ತಿತ್ತು; ಬಣ್ಣ ಸರಿಯಾಗಿ ಹೊಂದಿಸದಿದ್ದರೆ ಚೌಕದ ಅಂಚಿನಲ್ಲಿ ಗೆರೆಯೊಂದು ಎದ್ದು ಕಾಣುತ್ತಿತ್ತು. ಈ ಜೋಡಣೆ ಹೆಚ್ಚು ದಿನ ನಿಲ್ಲಲಿಲ್ಲ. 1997ರ ಜನವರಿಯಲ್ಲಿ ಇಂಟೆಲ್ ಎಮ್‌ಎಮ್‌ಎಕ್ಸ್ ಎಂಬ ಸೂಚನೆಗಳ ಗುಂಪನ್ನು ಪೆಂಟಿಯಂಗೆ ಸೇರಿಸಿದ್ದು ಇಂಥ ಲೆಕ್ಕಗಳನ್ನು ಪ್ರೊಸೆಸರೇ ಬೇಗ ಮಾಡಲಿ ಎಂದು. ಇನ್ನೊಂದು ಕಡೆ ಎಟಿಐ ಕಂಪನಿ ತನ್ನ ರೇಜ್ ಚಿಪ್ಪುಗಳೊಳಗೆ ಬಿಚ್ಚುವ ಕೆಲಸದ ಹಂತಗಳಲ್ಲಿ ಮೊದಲು ಚಲನೆಯ ಪೂರಣವನ್ನು, 1998ರ ರೇಜ್ 128ರಲ್ಲಿ ಚೌಕಗಳ ಗಣಿತ ಪರಿವರ್ತನೆಯನ್ನೂ ಸೇರಿಸಿತು. ಡಿಕೋಡರ್ ಕಾರ್ಡು ಹೀಗೆ ಕರಗಿ ಗ್ರಾಫಿಕ್ಸ್ ಚಿಪ್ಪಿನ ಒಂದು ಮೂಲೆ ಸೇರಿತು. ಕೊಳ್ಳುವವರ ಕಣ್ಣಿಗೆ ಅದು ಕಾಣದಾದದ್ದೂ ಆಗಲೇ. ಅಲ್ಲಿಂದ ಮುಂದೆ ಡಬ್ಬಿಯ ಮೇಲೆ ಅಚ್ಚಾದದ್ದು ಮೆಮೊರಿ ಎಷ್ಟು, ಆಟದ ವೇಗ ಎಷ್ಟು ಎಂಬುದು. ಸಿನಿಮಾ ಓಡಿಸುವ ಘಟಕ ಯಾವ ತಲೆಮಾರಿನದು ಎಂಬುದಲ್ಲ.

ಈ ಘಟಕವನ್ನು ಚಿಪ್ಪಿನ ಉಳಿದ ಬಲ ಏಕೆ ತುಂಬಿಕೊಡಲಾರದು ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು, ವಾದ ನಿಲ್ಲುವುದು ಅದರ ಮೇಲೆ. 2003ರಲ್ಲಿ ಅಂತಿಮಗೊಂಡ ಎಚ್.264 ವಿಧಾನ ಎಂಪೆಗ್-2ಕ್ಕಿಂತ ಬಹಳ ಬಿಗಿಯಾಗಿ ಕುಗ್ಗಿಸುತ್ತದೆ. 1920ಕ್ಕೆ 1080ರ ಸಿನಿಮಾ ಬಿಚ್ಚಿದ ಸ್ಥಿತಿಯಲ್ಲಿ ಸೆಕೆಂಡಿಗೆ ಸುಮಾರು 600 ಮೆಗಾಬಿಟ್; ಬ್ಲೂ-ರೇ ಡಿಸ್ಕಿನಲ್ಲಿ ಚಿತ್ರಕ್ಕೆ ಇರುವ ಗರಿಷ್ಠ ಮಿತಿ 40. ಈ ಬಿಗಿತದ ಒಂದು ಪಾಲು ಬರುವುದು ಕ್ಯಾಬ್ಯಾಕ್ ಎಂಬ ಹಂತದಿಂದ. ಮುಂದೆ ಬರಲಿರುವ ಬಿಟ್ ಸೊನ್ನೆಯೋ ಒಂದೋ ಎಂಬ ಸಂಭವವನ್ನು ಅದು ಈವರೆಗೆ ಬಂದ ಬಿಟ್‌ಗಳ ಆಧಾರದ ಮೇಲೆ ಅಂದಾಜಿಸುತ್ತದೆ. ಒಂದು ಬಿಟ್ ಬಿಚ್ಚಿದ ಕೂಡಲೇ ಅಂದಾಜನ್ನು ತಿದ್ದಿಕೊಂಡು ಮುಂದಿನದಕ್ಕೆ ಹೋಗುತ್ತದೆ. ಹಿಂದಿನದು ಗೊತ್ತಾಗದೆ ಮುಂದಿನದಕ್ಕೆ ಕೈಹಾಕುವಂತಿಲ್ಲ. ಜಡೆ ಹೆಣೆಯುವಾಗ ಹತ್ತು ಜನ ಸುತ್ತ ನಿಂತರೂ ಹೆಣಿಗೆ ಬೇಗ ಮುಗಿಯುವುದಿಲ್ಲವಲ್ಲ, ಇದೂ ಹಾಗೆಯೇ. ಗ್ರಾಫಿಕ್ಸ್ ಚಿಪ್ಪಿನ ಬಲವಿರುವುದು ನೂರಾರು ಘಟಕಗಳು ಏಕಕಾಲಕ್ಕೆ ನೂರಾರು ಬಿಂದುಗಳ ಬಣ್ಣ ಲೆಕ್ಕ ಹಾಕುವುದರಲ್ಲಿ. ಒಂದರ ಹಿಂದೆ ಒಂದು ಎಂದು ಸಾಲುಗಟ್ಟಿ ಬರುವ ಕೆಲಸದ ಮುಂದೆ 128 ಘಟಕಗಳಿದ್ದರೂ 32 ಇದ್ದರೂ ಒಂದೇ. ಅದಕ್ಕೆ ಬೇಕಾದದ್ದು ಇದೊಂದೇ ಕೆಲಸಕ್ಕೆಂದು ತಂತಿ ಕಟ್ಟಿದ, ಬೇರೇನೂ ಮಾಡಲಾರದ, ಕೆಲವೇ ವ್ಯಾಟ್ ವಿದ್ಯುತ್ತಿನಲ್ಲಿ ಮುಗಿಸುವ ಸರ್ಕ್ಯೂಟು. 8600ರಲ್ಲಿ ಅದಿತ್ತು, 8800 ಜಿಟಿಎಕ್ಸ್‌ನಲ್ಲಿ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಇದಕ್ಕೆ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಅದು ಕಾಲದ ಆಕಸ್ಮಿಕವಲ್ಲವೇ? ಕಂಪನಿಗಳು ದೊಡ್ಡ ಚಿಪ್ಪನ್ನು ಮೊದಲು ಮಾಡುತ್ತವೆ, ಚಿಕ್ಕದನ್ನು ಆಮೇಲೆ. ಆಮೇಲೆ ಬಂದದ್ದರಲ್ಲಿ ಹೊಸ ಘಟಕ ಇರುವುದು ಸಹಜ. ಮುಂದಿನ ದೊಡ್ಡ ಚಿಪ್ಪಿನಲ್ಲಿ ಅದು ಬಂದೇ ಬರುತ್ತದೆ. ಈ ಮಾತು ಬಹುಪಾಲು ನಿಜ. 2007ರ ಅಕ್ಟೋಬರ್‌ನಲ್ಲಿ ಬಂದ 8800 ಜಿಟಿಯಲ್ಲಿ ಹೊಸ ವಿಡಿಯೊ ಘಟಕ ಸೇರಿತ್ತು. ಆದರೆ ಕೊಳ್ಳುವವರ ಕಡೆಯಿಂದ ನೋಡಿದರೆ ಇದೇ ಕಾರಣ ವಾದವನ್ನು ಗಟ್ಟಿ ಮಾಡುತ್ತದೆ. ವಿಡಿಯೊದ ಸಾಮರ್ಥ್ಯ ಚಿಪ್ಪು ಹುಟ್ಟಿದ ತಿಂಗಳಿನ ಜೊತೆಗೆ ಬರುತ್ತದೆಯೇ ಹೊರತು ಬೆಲೆಯ ಜೊತೆಗಲ್ಲ. 8800 ಜಿಟಿಎಸ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಪ್ಪುಗಳು ಮಾರಾಟವಾದವು. 320 ಮತ್ತು 640 ಎಂಬಿಯ ಮಾದರಿಗಳಲ್ಲಿ ಹಳೆಯ ಘಟಕ, 512 ಎಂಬಿಯದರಲ್ಲಿ ಹೊಸದು. ಮೆಮೊರಿ ಹೆಚ್ಚಿರುವುದೇ ಒಳ್ಳೆಯದೆಂದು 640 ಆರಿಸಿಕೊಂಡವರಿಗೆ ಸಿನಿಮಾದ ವಿಷಯದಲ್ಲಿ ಸಿಕ್ಕಿದ್ದು ಕಡಿಮೆ. ಇದು 2007ರ ಒಂದು ವರ್ಷದ ಕತೆಯೂ ಅಲ್ಲ. ಅದಕ್ಕೆ ಮೂರು ವರ್ಷ ಮೊದಲು ಜಿಫೋರ್ಸ್ 6800ರ ಮೊದಲ ಚಿಪ್ಪಿನಲ್ಲಿ ಹೈ-ಡೆಫಿನಿಷನ್ ವಿಂಡೋಸ್ ಮೀಡಿಯಾ ಕಡತಗಳಿಗೆಂದು ಇಟ್ಟಿದ್ದ ನೆರವು ಕೆಲಸಕ್ಕೆ ಬರಲಿಲ್ಲ. ಕೆಲವೇ ತಿಂಗಳ ನಂತರ ಬಂದ, ಅದಕ್ಕಿಂತ ಅಗ್ಗದ 6600 ಅದನ್ನು ಸರಿಯಾಗಿ ಮಾಡಿತು. 2007ರಿಂದ ಏಳು ವರ್ಷದ ನಂತರ ಮತ್ತೊಮ್ಮೆ: 2014ರ ಸೆಪ್ಟೆಂಬರ್‌ನ ಜಿಟಿಎಕ್ಸ್ 980ಕ್ಕೆ 549 ಡಾಲರ್, 2015ರ ಜನವರಿಯ ಜಿಟಿಎಕ್ಸ್ 960ಕ್ಕೆ 199. 4ಕೆ ಸಿನಿಮಾಗಳಿಗಾಗಿ 2013ರಲ್ಲಿ ಸಿದ್ಧವಾಗಿದ್ದ ಎಚ್‌ಇವಿಸಿ ವಿಧಾನವನ್ನು ಪೂರ್ತಿಯಾಗಿ ಹಾರ್ಡ್‌ವೇರಿನಲ್ಲೇ ಬಿಚ್ಚಿದ್ದು 960. 980 ಮಾತ್ರವಲ್ಲ, ಅದರ ನಂತರ ಬಂದ ಇನ್ನೂ ದೊಡ್ಡದಾದ 980 ಟಿಐ ಕೂಡ ಅದನ್ನು ಮಾಡಲಿಲ್ಲ.

ಹಾಗಾದರೆ ಹೊಸದನ್ನು ಕೊಂಡರೆ ಸಾಕೇ? ಅದೂ ಭರವಸೆಯ ಸೂತ್ರವಲ್ಲ. 2018ರಲ್ಲಿ ಎವಿ1 ಎಂಬ ವಿಧಾನ ಬಿಡುಗಡೆಯಾಯಿತು. 2020ರ ಕೊನೆಗೆ ಬಂದ ಎಎಮ್‌ಡಿಯ 6000 ಸರಣಿಯ ಕಾರ್ಡುಗಳು ಅದನ್ನು ಬಿಚ್ಚಬಲ್ಲವಾಗಿದ್ದವು. ಅದೇ ಸರಣಿಯ ಹೆಸರು ಹೊತ್ತು 2022ರ ಜನವರಿಯಲ್ಲಿ ಬಂದ ರೇಡಿಯಾನ್ 6500 ಎಕ್ಸ್‌ಟಿಯಲ್ಲಿ ಆ ಘಟಕವನ್ನೇ ಕೈಬಿಡಲಾಗಿತ್ತು. ಲ್ಯಾಪ್‌ಟಾಪಿನಲ್ಲಿ ಪಕ್ಕದ ಪ್ರೊಸೆಸರೇ ಆ ಕೆಲಸ ನೋಡಿಕೊಳ್ಳುತ್ತದೆ ಎಂಬ ಎಣಿಕೆಯ ಮೇಲೆ ರೂಪಿಸಿದ ಚಿಪ್ಪು ಅದು. ಹಳೆಯ ಪ್ರೊಸೆಸರಿನ ಡೆಸ್ಕ್‌ಟಾಪಿಗೆ ಹಾಕಿದಾಗ ಆ ಎಣಿಕೆ ಸುಳ್ಳಾಯಿತು. ಹಳೆಯ ಕಂಪ್ಯೂಟರಿಗೆ ಕಡಿಮೆ ಖರ್ಚಿನಲ್ಲಿ ಹೊಸ ವಿಡಿಯೊ ಓಡುವಂತೆ ಮಾಡಿಕೊಳ್ಳಬೇಕೆಂದು ಹೊರಟವರಿಗೇ ಅದು ಕೈಕೊಟ್ಟಿತು ಎಂಬುದು ಬೇಸರದ ಸಂಗತಿ.

ಇನ್ನೊಂದು ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ, ಅದು ಹೆಚ್ಚು ತೂಕದ್ದು. ಕಾರ್ಡಿನ ಮಾತೇ ಏಕೆ, ಒಳ್ಳೆಯ ಸಾಫ್ಟ್‌ವೇರ್ ಇದ್ದರೆ ಪ್ರೊಸೆಸರೇ ಎಲ್ಲವನ್ನೂ ಮಾಡಬಲ್ಲದಲ್ಲ? ಚರಿತ್ರೆಯಲ್ಲಿ ಇದಕ್ಕೂ ಆಧಾರವಿದೆ. ಡಿವಿಡಿ ಡಿಕೋಡರ್ ಕಾರ್ಡುಗಳನ್ನು ಕೊಂದದ್ದರಲ್ಲಿ ಪೆಂಟಿಯಂ-2 ಪ್ರೊಸೆಸರ್ ಮತ್ತು ಸಾಫ್ಟ್‌ವೇರ್ ಪ್ಲೇಯರ್‌ಗಳ ಪಾಲೂ ಇದೆ. 2006ರ ಹೊತ್ತಿಗೆ ಕೋರ್‌ಎವಿಸಿ ಎಂಬ ಡಿಕೋಡರ್ ಕೊಂಡು ಹಾಕಿಕೊಂಡವರು ಅದೇ ಪ್ರೊಸೆಸರಿನಲ್ಲಿ ಎಚ್.264 ಕಡತಗಳನ್ನು ಹಿಂದಿಗಿಂತ ಸರಾಗವಾಗಿ ಓಡಿಸಿದರು. 2018ರಲ್ಲಿ ವಿಡಿಯೊಲ್ಯಾನ್ ಬಳಗ ಬಿಡುಗಡೆ ಮಾಡಿದ ಡೇವಿಡ್ ಎಂಬ ಮುಕ್ತ ಡಿಕೋಡರ್, ಎವಿ1 ಬಿಚ್ಚುವ ಹಾರ್ಡ್‌ವೇರ್ ಮಾರುಕಟ್ಟೆಗೆ ಬರುವ ಮೊದಲೇ ಆ ವಿಧಾನ ಬಳಕೆಗೆ ಬರುವಂತೆ ಮಾಡಿತು. ಈ ಸಾಲಿನಲ್ಲಿ ಬೆಂಗಳೂರಿನ ಪಾಲೂ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಭಾರತ ಶಾಖೆಯಿಂದ ಹೊರಬಂದವರು 2001ರಲ್ಲಿ ಇಲ್ಲಿ ಕಟ್ಟಿದ ಇಟ್ಟಿಯಮ್ ಸಿಸ್ಟಮ್ಸ್ ಬರೆದ ಎಚ್.264 ಮತ್ತು ಎಚ್‌ಇವಿಸಿ ಡಿಕೋಡರುಗಳು ಆಂಡ್ರಾಯ್ಡ್‌ನ ಮುಕ್ತ ಮೂಲದೊಳಗೆ ಸೇರಿವೆ. ಫೋನಿನ ಹಾರ್ಡ್‌ವೇರ್ ಕೈಬಿಟ್ಟಾಗ ಚಿತ್ರ ಬಿಚ್ಚಲು ಇರುವ ಆಸರೆ ಅವು. ಕನ್ನಡದ ಪತ್ರಿಕೆಗಳಲ್ಲಿ ಬೆಂಗಳೂರಿನ ತಂತ್ರಜ್ಞಾನದ ಬಗ್ಗೆ ಬರೆಯುವಾಗ ಕಟ್ಟಡ, ಸಂಬಳ, ಸಂಚಾರ ದಟ್ಟಣೆಯ ವಿವರ ಸಿಗುವಷ್ಟು ಇಂಥ ಕೆಲಸದ ವಿವರ ಸಿಗುವುದಿಲ್ಲ, ಸಿಗಬೇಕು.

ಸಾಫ್ಟ್‌ವೇರ್ ಸಾಕು ಎಂಬ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂದರೆ ಪ್ರೊಸೆಸರಿಗೆ ಕಸುವು, ಗೋಡೆಯಿಂದ ವಿದ್ಯುತ್ತು, ಬಿಸಿ ಹೊರಹಾಕಲು ದೊಡ್ಡ ಫ್ಯಾನು ಇರುವವರೆಗೆ. ಇವಿಲ್ಲದ ಕಡೆ ಏನಾಯಿತು ಎಂಬುದಕ್ಕೆ 2008-09ರ ನೆಟ್‌ಬುಕ್‌ಗಳು ಸಾಕ್ಷಿ. ಇಂಟೆಲ್ ಆಟಮ್ ಪ್ರೊಸೆಸರಿನ ಆ ಚಿಕ್ಕ ಲ್ಯಾಪ್‌ಟಾಪುಗಳು ಹೈ-ಡೆಫಿನಿಷನ್ ಸಿನಿಮಾದ ಮುಂದೆ ಸೋತುಹೋಗುತ್ತಿದ್ದವು. ಬ್ರಾಡ್‌ಕಾಮ್ ಕಂಪನಿಯ ಕ್ರಿಸ್ಟಲ್ ಎಚ್‌ಡಿ ಎಂಬ, ಬೆರಳೆರಡರಷ್ಟು ಅಗಲದ ಕಾರ್ಡನ್ನು ಅವುಗಳ ಒಳಗಿನ ಮಿನಿ ಸ್ಲಾಟಿಗೆ ಸಿಕ್ಕಿಸಿದರೆ ಅದೇ ಯಂತ್ರದಲ್ಲಿ 1080 ರೆಸಲ್ಯೂಷನ್ನಿನ ಸಿನಿಮಾ ನಿಲ್ಲದೆ ಓಡುತ್ತಿತ್ತು. 2007ರ ಮೊದಲ ಆಪಲ್ ಟಿವಿಯನ್ನು ಬಿಚ್ಚಿ, ವೈ-ಫೈ ಕಾರ್ಡ್ ತೆಗೆದು, ಅಲ್ಲಿ ಇದನ್ನು ಹಾಕಿಕೊಂಡವರೂ ಇದ್ದರು. ಆ ಕಾರ್ಡಿಗೆ ಆಟ ಗೊತ್ತಿಲ್ಲ. ಪರದೆಯ ಮೇಲೆ ಒಂದು ಗೆರೆ ಎಳೆಯುವುದೂ ಗೊತ್ತಿಲ್ಲ. ವಿಡಿಯೊ ಬಿಚ್ಚುವುದಷ್ಟೇ ಅದರ ಕೆಲಸ. ಗ್ರಾಫಿಕ್ಸ್‌ನ ಬಲವನ್ನು ಒಂದಿಷ್ಟೂ ಹೆಚ್ಚಿಸದೆ ವಿಡಿಯೊವನ್ನು ಸರಾಗ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ದೊಡ್ಡ ಕಾರ್ಡಿನಿಂದ ವಿಡಿಯೊಗೆ ಏನೇನೂ ಲಾಭವಿಲ್ಲ ಎಂದರೆ ಅದೂ ತಪ್ಪಾಗುತ್ತದೆ. ಬಿಚ್ಚಿದ ಮೇಲೆ ಚಿತ್ರವನ್ನು ಹಿಗ್ಗಿಸುವುದು, ಹಳೆಯ ಡಿವಿಡಿಯನ್ನು 4ಕೆ ಪರದೆಗೆ ಒಪ್ಪುವಂತೆ ತಿದ್ದುವುದು, ಬಣ್ಣದ ಅಂಚುಗಳನ್ನು ಹದಗೊಳಿಸುವುದು ಇವೆಲ್ಲ ಬಿಂದುಬಿಂದುವಿಗೆ ನಡೆಯುವ ಲೆಕ್ಕ. ಮ್ಯಾಡ್‌ವಿಆರ್‌ನಂಥ ತಂತ್ರಾಂಶವನ್ನು ಅದರ ಎತ್ತರದ ಮಟ್ಟದಲ್ಲಿ ಬಳಸುವವರಿಗೆ ಬಲವಾದ ಚಿಪ್ಪು ನಿಜವಾಗಿಯೂ ಬೇಕು. 2023ರಿಂದ ಎನ್‌ವಿಡಿಯಾ ಕೊಡುತ್ತಿರುವ ವಿಡಿಯೊ ಹಿಗ್ಗಿಸುವ ಸೌಲಭ್ಯಕ್ಕೂ ಬೇಕು. ಆದರೆ ಅವು ಚಿತ್ರವನ್ನು ಚೆಂದ ಮಾಡುತ್ತವೆ; ತಡವರಿಕೆಗೆ ಅವು ಮದ್ದಲ್ಲ. ತಡವರಿಕೆಗೆ ಡಿಕೋಡರ್ ಅಲ್ಲದ ಕಾರಣಗಳೂ ಇವೆ, ಅವಕ್ಕೂ ಚಿಪ್ಪಿನ ಗಾತ್ರಕ್ಕೂ ನಂಟಿಲ್ಲ. 2009ರ ಎಚ್‌ಡಿಎಂಐ 1.4 ಕಿಂಡಿಯಲ್ಲಿ 4ಕೆ ಚಿತ್ರ ಸೆಕೆಂಡಿಗೆ 30ಕ್ಕಿಂತ ಹೆಚ್ಚು ಬಾರಿ ಸಾಗುವುದಿಲ್ಲ, 60 ಬೇಕೆಂದರೆ 2013ರ 2.0 ಕಿಂಡಿ ಬೇಕು. ಸಿನಿಮಾದ ಚೌಕಟ್ಟುಗಳು ಹಲವು ಡಿಸ್ಕುಗಳಲ್ಲಿ ಸೆಕೆಂಡಿಗೆ 23.976ರ ದರದಲ್ಲಿ ಇರುತ್ತವೆ. ಇಂಟೆಲ್‌ನ ಒಳಗ್ರಾಫಿಕ್ಸ್ ಹಲವು ವರ್ಷ ಪರದೆಗೆ ನೇರ 24.000 ಕಳಿಸುತ್ತಿತ್ತು. ಈ ಅಲ್ಪ ವ್ಯತ್ಯಾಸ ಕೂಡುತ್ತ ಹೋಗಿ ಸುಮಾರು 40 ಸೆಕೆಂಡಿಗೊಮ್ಮೆ ಒಂದು ಚೌಕಟ್ಟು ಎರಡು ಸಲ ಬರುತ್ತಿತ್ತು. ಕ್ಯಾಮೆರಾ ನಿಧಾನವಾಗಿ ಬಯಲಿನ ಮೇಲೆ ಹರಿಯುವ ದೃಶ್ಯದಲ್ಲಿ ಅದು ಕಣ್ಣಿಗೆ ಚುಚ್ಚುತ್ತಿತ್ತು. 2013ರ ಹ್ಯಾಸ್ವೆಲ್ ಚಿಪ್ಪಿನಲ್ಲಿ ಗಡಿಯಾರ ಸರಿಪಡಿಸಿದ ಮೇಲೆ ಅದು ಹೋಯಿತು. ಸಿನಿಮಾ ಪ್ರಿಯರು ಇದಕ್ಕಾಗಿ ವರ್ಷಗಟ್ಟಲೆ ಅಳೆದು, ದಾಖಲಿಸಿ, ಒತ್ತಾಯಿಸಿದ್ದು ಈ ಚರಿತ್ರೆಯ ಗೌರವದ ಅಧ್ಯಾಯಗಳಲ್ಲೊಂದು.

ಹಾಗಾದರೆ ಹೊಸ ಕಾರ್ಡು ಹಾಕಿಸಬೇಕಾದ ಗಳಿಗೆಯನ್ನು ನಿಜವಾಗಿ ನಿರ್ಧರಿಸುವವರು ಯಾರು? ನೋಡುವವರಲ್ಲ, ಅಂಗಡಿಯವರೂ ಅಲ್ಲ. ವಿಡಿಯೊವನ್ನು ಯಾವ ವಿಧಾನದಲ್ಲಿ ಕುಗ್ಗಿಸಿ ಕಳಿಸಬೇಕು ಎಂದು ತೀರ್ಮಾನಿಸುವವರು. ಪೇಟೆಂಟ್ ಶುಲ್ಕದ ಹಂಗಿಲ್ಲದ ವಿಧಾನ ಬೇಕೆಂದು ಗೂಗಲ್ ತನ್ನದೇ ವಿಪಿ9 ಹಿಡಿಯಿತು, ಯೂಟ್ಯೂಬಿನ 4ಕೆ ವಿಡಿಯೊಗಳನ್ನು ಅದರಲ್ಲೇ ಕೊಟ್ಟಿತು. ಎಚ್‌ಇವಿಸಿಗೆ ಕಟ್ಟಬೇಕಾದ ಶುಲ್ಕ ಹಲವು ಗುಂಪುಗಳ ನಡುವೆ ಹಂಚಿ ಜಟಿಲವಾದದ್ದರಿಂದ ಹಲವು ಕಂಪನಿಗಳು 2015ರಲ್ಲಿ ಕೂಡಿ ಎವಿ1 ಕಟ್ಟಿದವು. ಬ್ಲೂ-ರೇಯ ಎಚ್.264 ಸಿನಿಮಾವನ್ನು ಲೀಲಾಜಾಲವಾಗಿ ಓಡಿಸುತ್ತಿದ್ದ ಕಂಪ್ಯೂಟರ್ ಯೂಟ್ಯೂಬಿನ ಸಾಧಾರಣ ವಿಡಿಯೊಗೆ ಬಿಸಿಯೇರತೊಡಗಿದ್ದು ಇದರಿಂದ. ಹಳೆಯ ಯಂತ್ರದವರು ಬ್ರೌಸರಿಗೆ ಒಂದು ಪುಟ್ಟ ತಂತ್ರಾಂಶ ಸೇರಿಸಿ, ಯೂಟ್ಯೂಬ್ ಮತ್ತೆ ಎಚ್.264 ಅನ್ನೇ ಕಳಿಸುವಂತೆ ಮಾಡಿದರು. ಕಾರ್ಡು ಬದಲಿಸದೆ ತಡವರಿಕೆ ನಿಂತಿತು. ಇನ್ನೂ ಕೆಲವು ಕಡೆ ಅಡ್ಡಿಯಾದದ್ದು ಶಕ್ತಿಯ ಕೊರತೆಯೇ ಅಲ್ಲ. ಅನುಮತಿಯ ಕೊರತೆ. 2016ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕಂಪ್ಯೂಟರುಗಳಿಗೆ 4ಕೆ ತೆರೆದಾಗ ನಕಲು ತಡೆಯ ಷರತ್ತುಗಳಿಂದಾಗಿ ಅದು ಇಂಟೆಲ್‌ನ ಹೊಸ ಕೇಬಿ ಲೇಕ್ ಪ್ರೊಸೆಸರ್ ಮತ್ತು ಎಡ್ಜ್ ಬ್ರೌಸರ್ ಇರುವವರಿಗಷ್ಟೇ ಸಿಕ್ಕಿತು. ಆ ವರ್ಷವೇ ಬಂದಿದ್ದ ಜಿಟಿಎಕ್ಸ್ 1080 ಕಾರ್ಡು ಅದೇ ಚಿತ್ರವನ್ನು ಬಿಚ್ಚಬಲ್ಲದಾಗಿದ್ದರೂ ಹೊರಗೇ ನಿಂತಿತು. ಕ್ರೋಮ್ ಬ್ರೌಸರ್ ಎಚ್‌ಇವಿಸಿಗೆ ಹಾರ್ಡ್‌ವೇರ್ ಬಳಸತೊಡಗಿದ್ದು 2022ರಲ್ಲಿ. ಅಷ್ಟರಲ್ಲಿ ಆ ಘಟಕಗಳು ಏಳು ವರ್ಷದಿಂದ ಜನರ ಯಂತ್ರಗಳೊಳಗೆ ಸುಮ್ಮನೆ ಕೂತಿದ್ದವು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಹಳೆಯ ಕಾರ್ಡಿಗೂ ಹಳೆಯ ಕಂಪ್ಯೂಟರಿಗೂ ಎರಡನೆಯ ಬದುಕು ಸಿಗುತ್ತದೆ. ವಿದ್ಯಾರ್ಥಿಗಳ ಮನೆಗೆ, ಚಿಕ್ಕ ಊರಿನ ಶಾಲೆಗೆ, ಟ್ಯೂಷನ್ ಕೊಠಡಿಗೆ ಹೋಗುವ ಯಂತ್ರಗಳಲ್ಲಿ ಅವೂ ಇರುತ್ತವೆ. ಅಂಥವರಿಗೆ ಚಿಪ್ಪಿನ ವಿಡಿಯೊ ಘಟಕ ಯಾವ ವಿಧಾನಗಳನ್ನು ಬಿಚ್ಚಬಲ್ಲದು ಎಂಬ ಒಂದು ಸಾಲು, ಮೆಮೊರಿ ಎಷ್ಟು ಎಂಬುದಕ್ಕಿಂತ ಹೆಚ್ಚು ಉಪಯೋಗದ್ದು. ಆ ಸಾಲು ಇಂದಿಗೂ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ, ಕಂಪನಿಯ ಪಟ್ಟಿಗಳ ಒಳಪುಟದಲ್ಲಿ ಹುಡುಕಬೇಕು. ಹುಡುಕುವ ಅಗತ್ಯ ಮುಗಿದೂ ಇಲ್ಲ. 2020ರ ಜುಲೈನಲ್ಲಿ ಎಚ್.266 ಎಂಬ ಮುಂದಿನ ವಿಧಾನ ಅಂತಿಮಗೊಂಡಿದೆ. 2024ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ತಂದ ಲೂನಾರ್ ಲೇಕ್ ಚಿಪ್ಪು ಅದನ್ನು ಹಾರ್ಡ್‌ವೇರಿನಲ್ಲಿ ಬಿಚ್ಚುತ್ತದೆ. ಅದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಇಲ್ಲದ ತೆಳು ಲ್ಯಾಪ್‌ಟಾಪುಗಳಿಗೆಂದು ಮಾಡಿದ ಚಿಪ್ಪು. 2025ರ ಜನವರಿಯಲ್ಲಿ 1,999 ಡಾಲರ್ ಬೆಲೆಗೆ ಬಂದ ಆರ್‌ಟಿಎಕ್ಸ್ 5090 ಅದನ್ನು ಬಿಚ್ಚುವುದಿಲ್ಲ.